ಪ್ರಾಗ್‌ನಲ್ಲಿ ನಾನು ಕಳೆದ ಹನ್ನೊಂದು ದಿನ

ಮಸ್ಕತ್ತಿನ ಮತ್ರಾದ ಹಳೆಯ ಪೇಟೆಯಲ್ಲಿ, ಇಲ್ಲಿಯವರ ಸೂಕಿನಲ್ಲಿ, ಲೋಬಾನ ಮಾರುವ ಅಂಗಡಿಗಳು ಸಾವಿರ ಇರಬಹುದು. ಆದರೆ ಹಡಗಿನಿಂದಿಳಿದ ಬಿಳಿಯರು ನೇರ ಬರುವುದು ಈ ಶರ್ಫುದ್ದೀನನ ಹತ್ತಿರ. ಹದಿನೆಂಟು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲೆ. ಒಮ್ಮೆ ಒಬ್ಬ ಜರ್ಮನಿಯವನಿಗೆ ಅವನದೇ ಕೊಡೆಯನ್ನು ಮಾರಿ, ಮೇಲಿಂದ ಥ್ಯಾಂಕ್ಸ್ ಹೇಳಿಸಿಕೊಂಡವನು ನಾನು. ಅಂಥವನ ಎರಡು ಕಾಲುಗಳು ವೀಸಾ ಸೆಂಟರಿನ ಕುರ್ಚಿಯಡಿ ಹೊಲಿಗೆ ಮಿಷನ್ನಿನ ಪೆಡಲಿನ ಹಾಗೆ ಕುಟ್ಟುತ್ತಿದ್ದವು.

ಕಾರಣ, ನನ್ನನ್ನು ಉಪ್ಪಾ ಎಂದು ಕರೆಯುವ ನನ್ನ ಮಗಳು ಫಿದಾ. ಆರ್ಕಿಟೆಕ್ಚರ್ ಕಡೆಯ ವರ್ಷ. ಅಲ್ ಮವಾಲೇಹ್‌ನ ನಮ್ಮ ಬಿಲ್ಡಿಂಗಿನ ಮಕ್ಕಳಿಗೆಲ್ಲ ಎರಡು ವರ್ಷ ಲೆಕ್ಕದ ಟ್ಯೂಷನ್ ಹೇಳಿ, ಪ್ರಾಗ್ ನೋಡಲು ಕಾಸು ಕೂಡಿಸಿದವಳು. ಬೆನ್ನಿಗೆ ಒಂದು ಚೀಲ, ಎಂಟು ಮಂಚಗಳ ಕೋಣೆಯ ಹಾಸ್ಟೆಲ್, ಊಟಕ್ಕೆ ಅವಲಕ್ಕಿ, ಒಣಸಿಗಡಿ ಚಟ್ನಿ. ಅಗ್ಗದ ವಿಮಾನದಲ್ಲಿ ಏಳು ಕಿಲೋ ಮಾತ್ರ. ಹಾಗಾಗಿ ಆ ಚೀಲವನ್ನು ನನ್ನ ಅಂಗಡಿಯ ತಕ್ಕಡಿಯಲ್ಲಿ ದಿನಕ್ಕೆ ನಲವತ್ತು ಸಲ ತೂಗುತ್ತಿದ್ದಳು. ಟೂತ್‌ಬ್ರಶ್ಶಿನ ಹಿಡಿಯನ್ನೂ ಅರ್ಧಕ್ಕೆ ಮುರಿದಾಗಿತ್ತು.

ಅವಳ ತಾಯಿ ಮೈಮುನಾ ಒಪ್ಪಿದ್ದು ಒಂದೇ ಶರತ್ತಿನ ಮೇಲೆ. "ಉಪ್ಪ ಜೊತೆಗೆ ಹೋಗ್ಬೇಕು. ಅವರಿಗೆ ಆ ಊರಿನ ಗಲ್ಲಿಗಲ್ಲಿ ಗೊತ್ತುಂಟು."

ಹೇಗೆ ಗೊತ್ತೆಂದರೆ, 2014ರಲ್ಲಿ ನಾನು ಪ್ರಾಗ್‌ನಲ್ಲಿ ಹನ್ನೊಂದು ದಿನ ಇದ್ದೆ. ಅಂದರೆ ಇದ್ದೆನೆಂದು ಹೇಳಿದ್ದೆ. ಆಗ ಹೆಂಡತಿ ಮಗಳು ಉಪ್ಪಿನಂಗಡಿಯಲ್ಲಿ, ನಾನು ಇಲ್ಲಿ ಆರು ಜನರ ರೂಮಿನಲ್ಲಿ. ದುಬೈಯಲ್ಲಿದ್ದ ಮೈಮುನಾಳ ಅಣ್ಣ ಪ್ಯಾಕೇಜ್ ಟೂರಿನಲ್ಲಿ ಪ್ಯಾರಿಸ್ ನೋಡಿ ಬಂದು ಊರಿಗೆಲ್ಲ ಫೋಟೋ ಕಳಿಸಿದ್ದ. ಅದೇ ವಾರ ಪ್ರಾಗ್‌ನ ಮುದುಕಿಯೊಬ್ಬಳು ನನ್ನ ಅಂಗಡಿಯಲ್ಲಿ ಎರಡು ತಾಸು ಕುಳಿತು ತನ್ನ ಊರನ್ನು ವರ್ಣಿಸಿದಳು. ಅವಳ ಹಡಗು ಮತ್ರಾ ಬಿಡುವ ಮೊದಲೇ ನಾನು ಫೋನಿನಲ್ಲಿ ಪ್ರಾಗ್ ತಲುಪಿಯಾಗಿತ್ತು.

ಈಗ ವೀಸಾ ಕೌಂಟರಿನ ಹುಡುಗಿ ನನ್ನ ಫಾರಂ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದಳು: "ಅಂಕಲ್, 2014ರಲ್ಲಿ ಯುರೋಪಿನ ವೀಸಾಕ್ಕೆ ಬೆರಳಚ್ಚು ಕೊಟ್ಟಿದ್ದೇನೆ ಅಂತ ಬರೆದಿದ್ದೀರಿ. ಆ ವೀಸಾ ಎಲ್ಲಿ?"

ಫಾರಂ ತುಂಬಿದ್ದು ಫಿದಾ. ನಾನು ಸಿನೆಮಾ ನಟನ ಹಾಗೆ, ಓದದೆ ಸಹಿ ಹಾಕಿದ್ದೆ.

ಗಲ್ಫಿನ ನಮ್ಮ ಜನ ಹಳೆಯ ಪಾಸ್‌ಪೋರ್ಟ್ ಒಂದನ್ನೂ ಬಿಸಾಡುವುದಿಲ್ಲ. ಎಲ್ಲವನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತೇವೆ. ಫಿದಾ ಹೆಮ್ಮೆಯಿಂದ ಆ ಕಟ್ಟನ್ನೇ ಮುಂದೆ ತಳ್ಳಿದಳು. ಹುಡುಗಿ ಪುಟ ಮಗುಚಿದಳು. ಮಂಗಳೂರು, ಮಸ್ಕತ್, ಮಂಗಳೂರು, ಮಸ್ಕತ್.

"ಇಲ್ಲವಲ್ಲ."

"ಸರಿ ನೋಡಿ ಮೇಡಂ, ಹನ್ನೊಂದು ದಿನ ಇದ್ರು," ಎಂದ ಫಿದಾ ನನ್ನ ಕಡೆ ತಿರುಗಿದಳು. "ಬೇರೆ ಪಾಸ್‌ಪೋರ್ಟ್ ಇತ್ತಾ ಉಪ್ಪಾ?"

ನಾಲಗೆಯ ತುದಿಯಲ್ಲಿ ಏಳು ಉತ್ತರಗಳು ಸಾಲುಗಟ್ಟಿ ನಿಂತವು. ನದಿಗೆ ಬಿತ್ತು. ಕೋತಿ ಒಯ್ದಿತು.

"ಕಳೆದಿದ್ದರೆ ಪೊಲೀಸ್ ರಿಪೋರ್ಟ್ ತನ್ನಿ," ಎಂದಳು ಹುಡುಗಿ. "ಬರೆದದ್ದು ಸುಳ್ಳು ಅಂತಾದರೆ ಮಗಳ ಅರ್ಜಿಗೂ ತೊಂದರೆ. ಇಬ್ಬರದೂ ಒಟ್ಟಿಗೇ ಹೋಗುತ್ತದೆ."

ಫಿದಾ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಾನು ಹೋಗಿಲ್ಲ," ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ನಾನು ಹುಟ್ಟಿದಂದಿನಿಂದ ಆಡಿರಲಿಲ್ಲ.

"ಹೊಸ ಫಾರಂ ತುಂಬಿ," ಎಂದಳು ಹುಡುಗಿ, ತಲೆಯೆತ್ತದೆ. "ಯಲ್ಲಾ, ಹಿಂದೆ ಜನ ಇದ್ದಾರೆ."

ತುಂಬಿ ಕೊಟ್ಟೆವು. ಉತ್ತರಕ್ಕೆ ಹದಿನೈದು ದಿನ. ಕಾರಿನಲ್ಲಿ ಮೂರು ಸಿಗ್ನಲ್ ದಾಟಿದ ಮೇಲೆ ಫಿದಾ ಕೇಳಿದಳು:

"ಅಲ್ಲಿ ನಿಮಗೆ ಪುಕ್ಕಟೆ ಬ್ರೆಡ್ ಕೊಟ್ಟ ಬೇಕರಿಯವ?"

"ನನ್ನ ಅಂಗಡಿಗೆ ಬಂದಿದ್ದ ಪ್ರಾಗ್‌ನ ಒಬ್ಬ ಮುದುಕಿಯ ಗಂಡ."

"ಸೇತುವೆ ಮೇಲೆ ಗಾಳಿಗೆ ನಿಮ್ಮ ಟೋಪಿ ಹಾರಿದ್ದು?"

"ಹಾರಿದ್ದು ನಿಜ ಮಾರಾಯ್ತಿ. ಇಲ್ಲೇ, ಮತ್ರಾದ ಕಡಲದಂಡೆಯಲ್ಲಿ."

ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು: "ಆ ಸೇತುವೆ ಕತೆ ಕೇಳಿಯೇ ನಾನು ಆರ್ಕಿಟೆಕ್ಚರ್ ತಗೊಂಡದ್ದು." ಮತ್ತೆ ನನ್ನ ಕಡೆ ತಿರುಗಿ, "ಉಮ್ಮನಿಗೆ ಹೇಳ್ಬೇಡಿ. ಹೇಳಿದ್ರೆ ಖಲಾಸ್, ಕಳಿಸುದಿಲ್ಲ."

ಗುಟ್ಟು ಇಟ್ಟುಕೊಳ್ಳುವುದರಲ್ಲಿ ಇಡೀ ಓಮಾನಿನಲ್ಲೇ ನನ್ನನ್ನು ಮೀರಿಸುವವರಿಲ್ಲ. ಮನೆಗೆ ಬಂದವನು ಹಜಾರದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಜಾರಕ್ಕೆ ಮುನ್ನೂರು ಸಲ ನಡೆದೆ. ಎ.ಸಿ.ಯನ್ನು ಆರಿಸಿದೆ, ಮತ್ತೆ ಹಾಕಿದೆ.

"ಕಾಲಿಗೆ ಚಕ್ರ ಕಟ್ಟಿದ್ದೀರಾ ಎಂತ? ಊಟಕ್ಕೆ ಕೂತ್ಕೊಳ್ಳಿ," ಎಂದಳು ಮೈಮುನಾ. ಮೀನುಸಾರು ಬಡಿಸುತ್ತ, ಮೆತ್ತಗೆ ಕೇಳಿದಳು: "ಹೌದೂ, ಇವಳು ಅಲ್ಲಿ ಎಲ್ಲಾದ್ರೂ ತಪ್ಪಿಸಿಕೊಂಡ್ರೆ ನೀವು ಹುಡುಕಿ ತರ್ತೀರಲ್ಲ? ನನಗೆ ಅದೊಂದೇ ಹೆದರಿಕೆ."

ಮೇಜಿನಡಿ ಫಿದಾ ನನ್ನ ಕಾಲು ತುಳಿದಳು. ಹೌದು ಎಂಬ ಒಂದು ಮಾತು ಸಾಕಿತ್ತು. ಲಕ್ಷ ಸುಳ್ಳು ಸುಲಭವಾಗಿ ಹೊರಟ ಬಾಯಿಯಿಂದ ಆ ಒಂದು ಹೊರಡಲಿಲ್ಲ.

"ನಾನು ಪ್ರಾಗ್ ನೋಡ್ಲೇ ಇಲ್ಲ ಮೈಮುನಾ."

ಸೌಟು ಪಾತ್ರೆಯಲ್ಲೇ ನಿಂತಿತು. ಫಿದಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ನೋಡ್ಲಿಲ್ಲ?"

"ಇಲ್ಲ."

"ಯಾ ಅಲ್ಲಾಹ್! ಉಪ್ಪಿನಂಗಡಿಯ ಎಷ್ಟು ಮದುವೆಮನೆಯಲ್ಲಿ ಹೇಳಿದ್ದೇನೆ ನಾನು! ನನ್ನ ಅತ್ತಿಗೆಯ ಮುಖ ಇಷ್ಟು ಸಣ್ಣ ಆಗುವ ಹಾಗೆ ಹೇಳಿದ್ದೇನೆ!" ಅವಳ ಸೌಟು ನನ್ನ ಮೂಗಿನವರೆಗೂ ಬಂತು. "ಈಗ ಹೋಗದೆ ಉಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಇಬ್ಬರೂ ಹೋಗಿ. ಫಿದಾ, ದಾರಿ ನೀನೇ ನೋಡಿಕೊಳ್ಳಬೇಕು, ಇವರನ್ನು ನಂಬಬೇಡ. ಇವರು ತಪ್ಪಿಸಿಕೊಂಡ್ರೆ ನೀನು ಹುಡುಕಿ ತಾ."

ಫಿದಾ ಮುಖದ ಮೇಲಿನ ಕೈ ತೆಗೆದಳು.

"ಮತ್ತೆ ಒಂದೊಂದರ ಮುಂದೆಯೂ ನಿಲ್ಲಿಸಿ ಇವರ ಫೋಟೋ ತೆಗಿ," ಎಂದು ಮೈಮುನಾ ಬೆರಳು ಮಡಚತೊಡಗಿದಳು. "ಸೇತುವೆ. ದೊಡ್ಡ ಗಡಿಯಾರ. ಬೇಕರಿ. ಇವರ ಕೈಯಿಂದ ಬ್ರೆಡ್ ತಿಂದ ಹಂಸ."

"ಹಂಸ?" ಎಂದೆ. "ಹಂಸದ ವಿಷಯ ನಾನು ಯಾವಾಗ ಹೇಳಿದ್ದು?"

"ನೀವು ಹೇಳಿದ್ದಲ್ಲ, ಅದು ನಾನು ಸೇರಿಸಿದ್ದು," ಎಂದು ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. "ಅದನ್ನೂ ಹುಡುಕಿ."