ಎರಡು ಇಂಚು ಕಡಿಮೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವವಳು ಅಕ್ಕ, ಬರೆದುಕೊಳ್ಳುವವಳು ನಾನು. ಗಿರಾಕಿಯ ಸೊಂಟ ನಲವತ್ತಿದ್ದರೆ ಅಕ್ಕ "ಮೂವತ್ತೆಂಟು" ಎಂದು ಗಟ್ಟಿಯಾಗಿ ಹೇಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ನಲವತ್ತು ಬರೆಯುತ್ತೇನೆ. "ಟೇಪಿಗೆ ಕರುಣೆ ಇಲ್ಲ, ನಮಗಾದರೂ ಇರಲಿ" ಎನ್ನುವುದು ಅವಳ ವಾದ. ಮೂವತ್ತು ವರ್ಷದಲ್ಲಿ ಒಂದು ಬಟ್ಟೆಯೂ ಬಿಗಿಯಾಗಲಿಲ್ಲ, ಒಬ್ಬ ಗಿರಾಕಿಯೂ ಮುನಿಸಿಕೊಳ್ಳಲಿಲ್ಲ.

ಮಿಷನ್ ತುಳಿದು ತುಳಿದು ಇಬ್ಬರ ಮಂಡಿಯೂ ಸವೆಯಿತು. ಮೊದಲು ಅಕ್ಕನಿಗೆ ಹೊಸ ಮಂಡಿ ಹಾಕಿಸಿದೆವು. ಅವಳು ಚೇತರಿಸಿಕೊಂಡ ಮೇಲೆ ನನ್ನ ಸರದಿ ಎಂದು ಮಾತಾಗಿತ್ತು. ಅಕ್ಕನನ್ನು ಮನೆಗೆ ಕಳಿಸುವಾಗ ನರ್ಸ್ ನನ್ನ ಕೈಗೆ ಒಂದು ಹಾಳೆ ಕೊಟ್ಟರು.

"ದಿನಾ ವ್ಯಾಯಾಮಕ್ಕೆ ಮುಂಚೆ, ನೋವು ಹತ್ತಕ್ಕೆ ಎಷ್ಟು ಅಂತ ಕೇಳಿ ಬರೀರಿ. ನಾಲ್ಕೋ ಅದಕ್ಕೂ ಮೇಲೋ ಇದ್ರೆ ಈ ಜೋರು ಮಾತ್ರೆ, ಇಲ್ಲಾಂದ್ರೆ ಸಾದಾ ಮಾತ್ರೆ. ನೋವು ಹಿಡಿತದಲ್ಲಿದ್ರೇನೇ ಮಡಿಸೋಕಾಗೋದು. ಆರು ವಾರ ಮಡಿಸದಿದ್ರೆ ಮಂಡಿ ಬಿಗಿದುಬಿಡುತ್ತೆ, ಮಿಷನ್ ತುಳಿಯೋದು ಮರೆತುಬಿಡಿ."

ದಿನಾ ಕೇಳಿದೆ. ದಿನಾ ಅಕ್ಕ "ಎರಡು" ಎಂದಳು. ಎರಡು ಬರೆದು ಸಾದಾ ಮಾತ್ರೆ ಕೊಟ್ಟೆ. ಜೋರು ಮಾತ್ರೆ ಮುಟ್ಟಲೇ ಇಲ್ಲ ಎಂದು ಪಕ್ಕದ ಅಂಗಡಿಯಲ್ಲಿ ಜಂಬವನ್ನೂ ಕೊಚ್ಚಿಕೊಂಡೆ. ಆದರೆ ವ್ಯಾಯಾಮಕ್ಕೆ ಕೂತರೆ, ಹಿಮ್ಮಡಿ ಹಾಸಿಗೆಯ ಮೇಲೆ ನಾಲ್ಕು ಬೆರಳು ಜಾರುವಷ್ಟರಲ್ಲಿ ಅವಳ ಮುಖ ಬೆವರುತ್ತಿತ್ತು. "ಸಾಕು ಕಣೇ, ನಾಳೆ ಮಾಡೋಣ" ಎನ್ನುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಕೋಪ. "ಎರಡರ ನೋವಿಗೆ ಇಪ್ಪತ್ತರ ನಾಟಕ!" ಎಂದು ರೇಗಿದ್ದೆ. ಆ ಮಾತು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ಆರನೇ ವಾರ ಡಾಕ್ಟರು ಅಳೆದರು. ಮಂಡಿ ಮಡಿಯುತ್ತಿದ್ದದ್ದು ಅರವತ್ತು ಡಿಗ್ರಿ. ತುಳಿಯಲು ತೊಂಬತ್ತಾದರೂ ಬೇಕು. ಹಾಳೆ ನೋಡಿ, "ಬರೀ ಎರಡೆರಡು! ಇಷ್ಟು ಕಡಿಮೆ ನೋವಿದ್ದೂ ಯಾಕಮ್ಮಾ ಮಡಿಸಲಿಲ್ಲ?" ಎನ್ನುತ್ತ ಮಂಡಿ ಒತ್ತಿದರು. ನನ್ನ ಮಣಿಕಟ್ಟಿನಲ್ಲಿ ಅಕ್ಕನ ಉಗುರು ಇಳಿಯಿತು.

ಆಗ ನನಗೆ ತಿಳಿಯಿತು. ಕಂಡವರ ಸೊಂಟಕ್ಕೆಲ್ಲ ತಪ್ಪದೆ ಎರಡು ಸೇರಿಸಿದವಳು ಒಡಹುಟ್ಟಿದವಳ ನೋವಿಗೆ ಸೇರಿಸಲು ಮರೆತಿದ್ದೆ.

"ಪ್ರಜ್ಞೆ ತಪ್ಪಿಸಿ ಒಂದ್ಸಲ ಮಡಿಸಿ ನೋಡಬಹುದು. ಪೂರ್ತಿ ಬರುತ್ತೆ ಅಂತ ಮಾತ್ರ ಹೇಳಲಾರೆ" ಎಂದರು ಡಾಕ್ಟರು.

ಮನೆಗೆ ಬಂದವಳೇ ಅಕ್ಕ ಮಿಷನ್ ಮುಂದೆ ಕೂತಳು. ಕಾಲು ಮಡಿಯದೆ ಪೆಡಲು ದಾಟಿ ಮುಂದಕ್ಕೆ ಚಾಚಿಕೊಂಡಿತ್ತು. ನನಗೆ ಅಳುವೂ ಬಂತು, ಕೋಪವೂ ಬಂತು.

"ಯಾಕೆ ಸುಳ್ಳು ಹೇಳ್ದೆ? ನಾನೇನು ಗಿರಾಕಿನಾ?"

"ಮುಂದಿನ ತಿಂಗಳು ನಿನ್ನ ಆಪರೇಷನ್ ಅಲ್ವಾ? ನಿಜ ಹೇಳಿದ್ರೆ ನೀನು ಹೆದರಿ ಬೇಡ ಅಂದ್ಬಿಡ್ತಿದ್ದೆ. ಬೆರಳಿಗೆ ಸೂಜಿ ಚುಚ್ಚಿದ್ರೆ ಮನೆಯೆಲ್ಲಾ ಒಂದು ಮಾಡೋಳು ನೀನು."

ಹಾಳೆ ಬಿಡಿಸಿದೆ. "ಈಗ ಹೇಳು. ಎಷ್ಟು?"

ಅಕ್ಕ ಎರಡೂ ಕೈಯಿಂದ ಕಾಲನ್ನು ಪೆಡಲಿನತ್ತ ಎಳೆದು ನೋಡಿದಳು.

"ಎಂಟು" ಎಂದಳು.

ನಾನು ಹತ್ತು ಬರೆದೆ.