ಯಾರೂ ತುಳಿಯದ ಹೊಸ್ತಿಲು

ನಾನು ಒಂದು ಹೊಸ್ತಿಲು. ಮೂರೂವರೆ ಅಡಿ ಉದ್ದ, ಹಳಿಯಾಳ ಕಡೆಯ ಸಾಗುವಾನಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸಂಗತಿ ಕೇಳಿ ನೀವು ನನ್ನನ್ನು ಯಾವುದೋ ಅಗ್ಗದ ಕಟ್ಟಿಗೆ ಎಂದುಕೊಳ್ಳಬಾರದು.

ಗದಗದ ಒಂದು ಕಟ್ಟಿಗೆ ಅಡ್ಡೆಯಲ್ಲಿ ನನ್ನನ್ನು ಸೀಳಿದರು. ಮೌನೇಶ ಬಡಿಗೇರ ಎಂಬಾತ ಉಜ್ಜಿ ನುಣುಪು ಮಾಡಿ, ನಟ್ಟನಡುವೆ ಒಂದು ಕಮಲ ಕೆತ್ತಿದ. ಕೊಂಡವನು ಬಸಲಿಂಗಪ್ಪ, ಬಸ್ ಕಂಡಕ್ಟರ್. ಆಗಿನ್ನೂ ಮದುವೆಯಾಗಿರಲಿಲ್ಲ, ಮನೆ ಕಟ್ಟಿಸುತ್ತಿದ್ದ. ಮಳೆಗಾಲದಲ್ಲಿ ಗಟಾರದ ನೀರು ಒಳಗೆ ನುಗ್ಗಬಾರದೆಂದು ಮನೆಯನ್ನು ಏಳು ಮೆಟ್ಟಿಲು ಎತ್ತರಕ್ಕೆ ಏರಿಸಿದ್ದ. ಚೌಕಟ್ಟು ಕೂರಿಸುವ ದಿನ ನನ್ನ ಕೆಳಗೆ ನವಧಾನ್ಯ, ಒಂದು ಬೆಳ್ಳಿ ನಾಣ್ಯ ಇಟ್ಟು ಪೂಜೆ ಮಾಡಿದರು. "ಇನ್ನ ಇದನ್ನ ಯಾರೂ ತುಳೀಬಾರದು ನೋಡ್ರಿ," ಎಂದರು ಅಯ್ಯನವರು. ನನಗೆ ಸೊಕ್ಕು ಬಂದದ್ದು ಅವತ್ತಿನಿಂದಲೇ.

ವರ್ಷದೊಳಗೆ ಕಸ್ತೂರವ್ವ ಅವನ ಹೆಂಡತಿಯಾಗಿ ಬಂದಳು. ನನ್ನ ಮೇಲಿಟ್ಟ ಸೇರಕ್ಕಿಯನ್ನು ಆಕೆ ಒದ್ದ ಜೋರಿಗೆ ಅಕ್ಕಿ ಎದುರು ಗೋಡೆಯವರೆಗೂ ಹಾರಿತು. ಮರುದಿನ ಬೆಳಗ್ಗೆ ನನಗೆ ನೀರು ಹಾಕಿ ತೊಳೆದಳು, ಅರಿಶಿನ ಬಳಿದಳು, ಕುಂಕುಮ ಇಟ್ಟು ಹೂ ಏರಿಸಿದಳು. ಇಪ್ಪತ್ತೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಬಂದವರೆಲ್ಲ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ದಾಟಿದರು. ನಾನು ಮೆರೆದೆ.

ಆ ನೀರೇ ನನಗೆ ಮುಳುವಾಯಿತು. ದಿನವೂ ಒಂದಿಷ್ಟು ನೀರು ಸಂದಿಯಲ್ಲಿ ಇಳಿಯುತ್ತಿತ್ತು. ಕೆಳಗಿನ ಮಣ್ಣು ಆರಲೇ ಇಲ್ಲ. ಗೆದ್ದಲು ಬಂತು, ಒಳಗೊಳಗೇ ನನ್ನನ್ನು ತಿಂದಿತು. ಮೇಲೆ ಅರಿಶಿನದ ದಪ್ಪ ಪದರ, ಕಮಲ ಹಾಗೇ ಇತ್ತು. ಯಾರಾದರೂ ಒಮ್ಮೆ ಕಾಲಿಟ್ಟಿದ್ದರೆ ಗೊತ್ತಾಗುತ್ತಿತ್ತು. ಯಾರೂ ಇಡಲಿಲ್ಲ.

ನಿವೃತ್ತಿಯಾದ ವರ್ಷವೇ ಬಸಲಿಂಗಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಹೋದವು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಗೆಂದು ನಾಲ್ಕು ಮಂದಿ ಆತನನ್ನು ಕುರ್ಚಿ ಸಮೇತ ಎತ್ತಿ ಏಳು ಮೆಟ್ಟಿಲು ಇಳಿಸಿದರು. ವಾಪಸು ಬಂದವನು, "ಇನ್ನ ನನ್ನ ಹೆಣಾನ ಒಯ್ಯಿರಿ," ಎಂದ. ಮತ್ತೆ ಹೊರಗೆ ಹೋಗಲಿಲ್ಲ. ಗಾಲಿಕುರ್ಚಿ ನನ್ನ ತನಕ ಬರುತ್ತಿತ್ತು, ನನಗೆ ಗಾಲಿ ತಾಗಿಸಿಕೊಂಡು ನಿಲ್ಲುತ್ತಿತ್ತು. ಹೀಗೆ ಒಂದೂವರೆ ವರ್ಷ. ಜೀವನವಿಡೀ ಊರೂರು ತಿರುಗಿದ ಮನುಷ್ಯನನ್ನು ತಡೆದು ಕೂರಿಸಿದ್ದು ನಾನೇ ಎಂದು ನನಗೆ ಬಹಳ ಸಂಕಟವಾಗುತ್ತಿತ್ತು.

ಅದಕ್ಕೇ ಕಸ್ತೂರವ್ವ ಮನೆ ಮಾರಲು ಹೊರಟಳು. ಬಸ್ ನಿಲ್ದಾಣದ ಹತ್ತಿರ ಒಂದು ಮನೆ ಇತ್ತು. ರಸ್ತೆಗೆ ಸಮ, ಮುಂದೆ ಕಟ್ಟೆ. ಅಲ್ಲಿ ಕೂತರೆ ಬಸ್ಸುಗಳು ಕಾಣುತ್ತವೆ. ಆ ಮನೆಯವರು ಯುಗಾದಿಯ ತನಕ ಕಾಯುತ್ತೇವೆ ಎಂದಿದ್ದರು. ಅಷ್ಟರೊಳಗೆ ಇದನ್ನು ಮಾರಬೇಕು.

ಪಾಪ, ಹಳೇ ಪೇಪರು ಬಿಟ್ಟರೆ ಆಕೆ ಏನನ್ನೂ ಮಾರಿದವಳಲ್ಲ. ಮೊದಲು ಬಂದವರು ಎಷ್ಟು ಹೇಳುತ್ತೀರಿ ಎಂದರೆ, "ನೀವ ಹೇಳ್ರಿ," ಎಂದಳು. ಕೇಳದಿದ್ದರೂ ನಳದ ನೀರು ಎಂಟು ದಿನಕ್ಕೊಮ್ಮೆ ಎಂದು ತಾನೇ ಹೇಳಿ ಕಳಿಸಿದಳು. ಎರಡನೆಯವರು ದಕ್ಷಿಣದ ಬಾಗಿಲು ಎಂದು ಮೆಟ್ಟಿಲಿಂದಲೇ ತಿರುಗಿದರು. ದಲಾಲಿ ವಿರೂಪಾಕ್ಷ ತಲೆ ಚಚ್ಚಿಕೊಂಡ. "ಅಕ್ಕಾರ, ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ."

ಯುಗಾದಿಗೆ ಹತ್ತು ದಿನ ಇತ್ತು. ಚಪ್ಪಲಿ ಬಿಡುವಾಗ ಆಯ ತಪ್ಪಿ ವಿರೂಪಾಕ್ಷ ನನ್ನ ಮೇಲೆ ಕೈಯೂರಿದ. ಹೆಬ್ಬೆರಳು ಒಳಗೆ ಹೋಯಿತು. ಚೌಕಟ್ಟನ್ನೂ ಬೆರಳಿಂದ ಬಡಿದು ನೋಡಿದ. ಎರಡು ಮೊಳದವರೆಗೆ ಪೊಳ್ಳು ಸದ್ದು. ಕಸ್ತೂರವ್ವ ಬಾಗಿ ಆ ತೂತು ನೋಡಿದಳು.

"ಹೊಸ್ತಿಲ ಯಾರ್ ತುಳೀತಾರ್ರಿ?" ಎಂದ ಆತ. "ದಪ್ಪಗ ಅರಿಶಿಣ ಬಡೀರಿ. ಸಂಚಕಾರ ಕೈಗೆ ಬರೂತನಕ ಬಾಯಿ ಬಿಡಬ್ಯಾಡ್ರಿ."

ಸಂಚಕಾರ ಎಂದರೆ ಮಾತು ಗಟ್ಟಿ ಮಾಡಲು ಕೊಡುವ ಮೊದಲ ಹಣ. ಅದು ಬಂದರೆ ಕೊಂಡವರು ಹಿಂದೆ ಸರಿಯುವುದು ಕಷ್ಟ. ಅವತ್ತು ಆಕೆ ಆ ತೂತಿಗೆ ಅರಿಶಿನ ಮೆತ್ತಿ ಮುಚ್ಚಿದಳು. ನಿಜ ಹೇಳುತ್ತೇನೆ, ಆ ಸುಳ್ಳು ನಡೆಯಲಿ ಎಂದು ನನಗೂ ಆಸೆಯಿತ್ತು. ನಾನು ಹೇಗಾದರೂ ಹಾಳಾಗಲಿ, ಬಸಲಿಂಗಪ್ಪ ಹೊರಗೆ ಹೋಗಲಿ.

ಮೂರನೆಯ ಗಿರಾಕಿ ದಾಕ್ಷಾಯಿಣಿ, ಸರಕಾರಿ ಆಸ್ಪತ್ರೆಯ ನರ್ಸ್. ಮನೆ ನೋಡಿ ಒಪ್ಪಿದಳು. ಗುರುವಾರ ಬೆಳಗ್ಗೆ ಸಂಚಕಾರದ ಲಕೋಟೆ ಹಿಡಿದು, ಅತ್ತೆ ಹಂಪವ್ವನ ಜೊತೆ ಬಂದಳು. ಹಂಪವ್ವನ ಕೈಯಲ್ಲಿ ತೆಂಗಿನಕಾಯಿ.

"ಮೊದಲ ಹೊಸ್ತಿಲಕ್ಕ ಒಂದ ಕಾಯಿ ಒಡೀತೀನಿ," ಎಂದು ಮುದುಕಿ ಕೈ ಎತ್ತಿದಳು. ಒಂದು ಪೆಟ್ಟು ಬಿದ್ದರೆ ನಾನು ಪುಡಿ.

"ಕಲ್ಲಿನ ಮೆಟ್ಟಿಲಿಗೆ ಒಡೀರಿ ಅವ್ವಾರ," ವಿರೂಪಾಕ್ಷ ನಡುವೆ ಬಾಯಿ ಹಾಕಿದ. "ಹೊಸ್ತಿಲಕ್ಕ ಪೆಟ್ಟ ಬೀಳಬಾರದು."

ಹಂಪವ್ವನಿಗೆ ಅದು ಸರಿಯೆನಿಸಿತು. ಕಾಯಿ ಮೆಟ್ಟಿಲಿಗೆ ಬಡಿದು ಚೆನ್ನಾಗಿ ಒಡೆಯಿತು. ಗಂಡಾಂತರ ತಪ್ಪಿತು. ದಾಕ್ಷಾಯಿಣಿ ಲಕೋಟೆ ಚಾಚಿದಳು.

"ಹೊಸ್ತಿಲ ಮ್ಯಾಲಿಂದ ಕೊಡಬಾರದವ್ವ," ಎಂದಳು ಹಂಪವ್ವ. "ಒಳಗ ಹೋಗಿ ಕೊಡು."

ದಾಕ್ಷಾಯಿಣಿ ಬಲಗಾಲು ಎತ್ತಿದಳು. ಕಸ್ತೂರವ್ವ ಗಂಡನನ್ನು ನೋಡಿದಳು. ಆತ ನೆಲ ನೋಡುತ್ತಿದ್ದ.

"ಒಳಗ ಬರಬ್ಯಾಡ್ರಿ," ಎಂದಳು ಕಸ್ತೂರವ್ವ.

ಆಕೆ ಮಂಡಿಯೂರಿ ಕೂತು, ತುರುಬಿನಿಂದ ಪಿನ್ನು ಕಿತ್ತು ನನ್ನ ಕಮಲದ ನಡುವೆ ಒತ್ತಿದಳು. ಪೂರ್ತಿ ಇಳಿಯಿತು.

"ಗೆದ್ದಲ ಹತ್ತೇತ್ರಿ. ಚೌಕಟ್ಟಿಗೂ ಹತ್ತೇತಿ. ಮಾಳಿಗಿ ತೊಲಿಗೆ ಹತ್ತೇತೋ ಇಲ್ಲೋ ನನಗ ಗೊತ್ತಿಲ್ಲ. ದಿನಾ ನೀರ ಹಾಕಿ ನಾನ ಹಾಳ ಮಾಡೀನಿ."

ಲಕೋಟೆ ಚೀಲಕ್ಕೆ ವಾಪಸು ಹೋಯಿತು. ಅತ್ತೆ ಸೊಸೆ ಇಳಿದು ಹೋದರು, ಹಿಂದೆಯೇ ವಿರೂಪಾಕ್ಷ. ಇಪ್ಪತ್ತೆಂಟು ವರ್ಷದ ನನ್ನ ಮರ್ಯಾದೆ ಒಂದು ತಲೆಪಿನ್ನಿಗೆ ಮುಗಿದಿತ್ತು.

"ಛಲೋ ಆತು," ಎಂದ ಬಸಲಿಂಗಪ್ಪ. ಮೆಚ್ಚಿ ಅಂದನೋ ಬೇಸತ್ತು ಅಂದನೋ ಆ ಸೊಟ್ಟ ಬಾಯಿಯಿಂದ ತಿಳಿಯಲಿಲ್ಲ. ಕಸ್ತೂರವ್ವ ಗೋಡೆಗೊರಗಿ ಅತ್ತಳು.

ಯುಗಾದಿ ಬಂದು ಹೋಯಿತು. ಬಸ್ ನಿಲ್ದಾಣದ ಹತ್ತಿರದ ಮನೆ ಬೇರೆಯವರ ಪಾಲಾಯಿತು. ಹಬ್ಬದ ದಿನವೂ ಆಕೆ ನನಗೆ ಅರಿಶಿನ ಹಚ್ಚಲಿಲ್ಲ.

ಮೂರು ದಿನ ಕಳೆದು ದಾಕ್ಷಾಯಿಣಿ ಮತ್ತೆ ಮೆಟ್ಟಿಲು ಹತ್ತಿದಳು. ಜೊತೆಗೊಬ್ಬ ಬಡಿಗ. ಆತ ಏಣಿ ಹಾಕಿ ಮಾಳಿಗೆಯ ತೊಲೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದ. ನಾನು ಅಷ್ಟು ಹೆದರಿದ್ದು ಎಂದೂ ಇಲ್ಲ. ಕಸ್ತೂರವ್ವ ಪ್ರತಿ ಪೆಟ್ಟಿಗೂ ಕಣ್ಣು ಮುಚ್ಚುತ್ತಿದ್ದಳು. ಒಂಬತ್ತು ತೊಲೆ ಬಡಿದು ಕೆಳಗಿಳಿದ. "ಮಾಳಿಗಿ ಗಟ್ಟಿ ಐತ್ರಿ. ಚೌಕಟ್ಟಷ್ಟ ತಗೀಬೇಕು."

"ಚೌಕಟ್ಟಿಂದು, ಗೆದ್ದಲ ಔಷಧದ್ದು ಖರ್ಚ ನಿಮ್ದು," ಎಂದಳು ದಾಕ್ಷಾಯಿಣಿ. "ಉಳಿದದ್ದು ಮೊದಲ ಮಾತಾಡಿದಂಗ."

"ಮತ್ತ ಯಾಕ ಬಂದ್ರವ್ವಾ?" ಕಸ್ತೂರವ್ವನಿಗೆ ನಂಬಿಕೆಯೇ ಆಗಲಿಲ್ಲ.

"ಇನ್ನೂ ಎರಡ ಮನಿ ನೋಡಿದೆ. ಎಲ್ಲಾರೂ ಎಲ್ಲಾ ಛಲೋ ಐತಿ ಅಂದ್ರು. ನನಗ ಹೆದರಿಕಿ ಆತು."

ನನ್ನನ್ನು ಕಿತ್ತರು. ಕೆಳಗಿನ ಬೆಳ್ಳಿ ನಾಣ್ಯ ಕಪ್ಪಾಗಿತ್ತು. ಕಸ್ತೂರವ್ವ ಅದನ್ನು ತೊಳೆದು, "ಇದು ಈ ಮನೀದು," ಎಂದು ದಾಕ್ಷಾಯಿಣಿಗೆ ಕೊಟ್ಟಳು. ನನ್ನ ಒಂದು ತುದಿ ಮಾತ್ರ, ಒಂದು ಮೊಳದಷ್ಟು, ಇನ್ನೂ ಗಟ್ಟಿಯಿತ್ತು. ಅದನ್ನು ಕಸ್ತೂರವ್ವ ಕೇಳಿ ಪಡೆದಳು.

ಈಗ ನಾವಿರುವುದು ಬಸ್ ನಿಲ್ದಾಣದ ಹಿಂದಿನ ಓಣಿಯ ಸಣ್ಣ ಮನೆ. ಕಟ್ಟೆಯಿಲ್ಲ. ಬಸ್ಸು ಕಾಣುವುದಿಲ್ಲ, ಸದ್ದಷ್ಟೇ ಕೇಳುತ್ತದೆ. ಮೆಟ್ಟಿಲಿಲ್ಲ, ಆದರೆ ಬಾಗಿಲಲ್ಲಿ ನಾಲ್ಕು ಬೆರಳು ಎತ್ತರದ ಕಲ್ಲಿನ ಹೊಸ್ತಿಲಿದೆ. ಗಾಲಿಕುರ್ಚಿ ಅದನ್ನು ಹತ್ತಿ ಇಳಿಯಲೆಂದು ಬಡಿಗ ನನ್ನನ್ನು ಓರೆಯಾಗಿ ಸೀಳಿ ನಾಲ್ಕು ಇಳಿಜಾರು ತುಂಡು ಮಾಡಿದ. ಹೊಸ್ತಿಲಿನ ಒಳಗೆ ಎರಡು, ಹೊರಗೆ ಎರಡು, ಒಂದೊಂದು ಗಾಲಿಗೆ ಒಂದೊಂದು.

ಮೊದಲ ದಿನ ಬೆಳಗ್ಗೆ ಕಸ್ತೂರವ್ವ ಕಲ್ಲಿನ ಹೊಸ್ತಿಲಿಗೆ ನೀರು ಹಾಕಿದಳು. ಅಭ್ಯಾಸಬಲದಿಂದ ತಂಬಿಗೆ ನನ್ನ ಕಡೆಗೂ ಬಂತು, ಅಲ್ಲೇ ನಿಂತಿತು. ಸೆರಗಿನಿಂದ ನನ್ನನ್ನು ಒರೆಸಿದಳು.

ಬಸಲಿಂಗಪ್ಪ ಕುರ್ಚಿಯಲ್ಲಿ ಬಂದು ನನ್ನ ಮುಂದೆ ನಿಂತ. ನನ್ನ ಗುರುತು ಹತ್ತಿತ್ತು. ಬಗ್ಗಿ ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ, ಮುಂದೆ ಬರಲಿಲ್ಲ.

"ತುಳೀರಿ," ಎಂದಳು ಕಸ್ತೂರವ್ವ. "ಏನೂ ಆಗಂಗಿಲ್ಲ, ತುಳೀರಿ."

ಆತ ಬಲಗಾಲು ನೆಲಕ್ಕೊತ್ತಿ ಬಲಗೈಯಿಂದ ಗಾಲಿ ತಿರುವಿದ. ಭಾರ ನನ್ನ ಮೇಲೆ ಬಿತ್ತು. ನಾನು ಕಿರ್ ಎಂದೆ, ಆದರೆ ಕುಸಿಯಲಿಲ್ಲ. ಬಸಲಿಂಗಪ್ಪ ಓಣಿಯ ಬಿಸಿಲಿಗೆ ಹೋದ.