ಬೆಟ್ಟದ ಮೇಲಿನ ಪುಸ್ತಕದಲ್ಲಿ ಅಪ್ಪನ ಹೆಸರು

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕಾರು ನಿಲ್ಲಿಸಿದ ಜಾಗದಿಂದ ಹೊರಟರೆ ನಾಲ್ಕು ವರ್ಷದ ಮಗ ಆಸ್ಲಾಕ್‌ನ ಒದ್ದೆ ಕಾಲುಚೀಲದ ರಾಮಾಯಣಕ್ಕೇ ಎರಡು ಪುಟ ಬೇಕು. ಬೆಟ್ಟದ ತುದಿಯಿಂದ ಶುರು ಮಾಡೋಣವೆಂದರೆ ಅಪ್ಪ ಅಲ್ಲಿರಲಿಲ್ಲ. ಅಪ್ಪ ಇಲ್ಲದ ಜಾಗದಿಂದ ಶುರು ಮಾಡಲು ನನಗೆ ಮನಸ್ಸಿಲ್ಲ.

(ಮೂರು ಸಲ ಬರೆದು ಹರಿದಿದ್ದೇನೆ. ನಾಲ್ಕನೆಯದು ನಿಮ್ಮ ಪಾಲಿಗೆ ಬಂದಿದೆ. ನಿಮ್ಮ ಹಣೆಬರಹ.)

೨.
ಸೆಪ್ಟೆಂಬರಿನ ಒಂದು ಭಾನುವಾರ. ನಾನು ತೂರುನ್. ಅಪ್ಪ ಹಾಲ್ವರ್, ಎಪ್ಪತ್ತೆಂಟು ವರ್ಷ; ಅಮ್ಮ ಗುಡ್ನಿ. ಇಬ್ಬರೂ ದೇಶದ ಉತ್ತರ ತುದಿಯಿಂದ ಎರಡು ವಿಮಾನ ಬದಲಿಸಿ, ಒಂದು ವಾರದ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ನಾರ್ವೆಯಲ್ಲಿ ಭಾನುವಾರ ಬಿಸಿಲಿದ್ದೂ ಮನೆಯೊಳಗೆ ಕೂತರೆ ಪಕ್ಕದವರು ಜ್ವರವೇ ಎಂದು ವಿಚಾರಿಸುತ್ತಾರೆ. ಹಾಗಾಗಿ ಕಿತ್ತಳೆ, ಚಾಕಲೇಟು, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು, ಆಸ್ಲಾಕ್ ಮತ್ತು ಏಳು ವರ್ಷದ ಮಗಳು ಸುನ್ನಿವಾಳನ್ನು ಮುಂದೆ ಬಿಟ್ಟುಕೊಂಡು ಹೊರಟೆವು.

ನಮ್ಮ ಬೆಟ್ಟಗಳ ತುದಿಯಲ್ಲಿ, ಕಲ್ಲುರಾಶಿಯ ಸಂದಿಯಲ್ಲಿ, ಒಂದು ತಗಡಿನ ಡಬ್ಬಿ ಇರುತ್ತದೆ. ಒಳಗೊಂದು ಪುಸ್ತಕ. ಹತ್ತಿ ಬಂದವರು ಅದರಲ್ಲಿ ಹೆಸರು ಬರೆಯುತ್ತಾರೆ. ಮೊಮ್ಮಕ್ಕಳ ಹೆಸರಿನ ಜೊತೆ ಒಂದೇ ಪುಟದಲ್ಲಿ ತನ್ನ ಹೆಸರೂ ಇರಬೇಕೆಂದು ಅಪ್ಪನ ಆಸೆ.

"ಡಾಕ್ಟ್ರು ಮನೆ ಮೆಟ್ಲೇ ಕಡಿಮೆ ಹತ್ತಿ ಅಂದಿದಾರೆ ಕಣೇ," ಎಂದು ಅಮ್ಮ ಕಾರಿನ ಹತ್ತಿರ ನನ್ನ ಕಿವಿಯಲ್ಲಿ ಹೇಳಿದಳು. "ಇದೇ ಕೊನೇ ಬೆಟ್ಟ ಅಂತ ನಿಮ್ಮಪ್ಪಂಗೂ ಗೊತ್ತು. ಬೇಡ ಅಂದ್ರೆ ಕೇಳೋ ಆಸಾಮಿನಾ?"

೩.
ಆ ಪುಸ್ತಕದ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ನನಗೆ ಎಂಟು ವರ್ಷವಿದ್ದಾಗ, ತುದಿ ಇನ್ನು ಮೂವತ್ತು ಹೆಜ್ಜೆ ಇದೆ ಎನ್ನುವಾಗ ಗಾಳಿಗೆ ಹೆದರಿ ಅಳುತ್ತ ಕೂತುಬಿಟ್ಟಿದ್ದೆ. ಅಪ್ಪ ಒಬ್ಬನೇ ಹೋಗಿ ಬಂದ.

"ನನ್ ಹೆಸ್ರು ಬರ್ದ್ಯಾ?"

"ಇಲ್ಲ. ನೀನ್ ಬಂದಿಲ್ವಲ್ಲ."

ಗದರಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಸತ್ಯ ಅಂದರೆ ಇದು ಎಂದು ನಾನು ಆವತ್ತೇ ಕಲಿತೆ.

೪.
ಮೊದಲ ಕರಡಿನಲ್ಲಿ ಅಪ್ಪನನ್ನು ತುದಿಗೆ ಹತ್ತಿಸಿದ್ದೆ. ಮೋಡ ಸರಿಯಿತು, ಕೆಳಗೆ ಬೆಟ್ಟಗಳ ನಡುವೆ ಚಾಚಿಕೊಂಡ ಫ್ಯೋರ್ಡ್‌ನ ಕಡಲನೀರು ಹೊಳೆಯಿತು, ಅಪ್ಪ ಪೆನ್ನು ಹಿಡಿದ. ಹಿಡಿದವನು ಬರೆಯದೆ ನನ್ನ ಕಡೆ ತಿರುಗಿದ.

"ಏನೇ ಇದು?"

"ಕಥೆ ಅಪ್ಪಾ."

"ನನ್ ಮಂಡಿನೋವು ಎಲ್ಲಿ? ಏದುಸ್ರು ಎಲ್ಲಿ? ಯಾವನ್ನೋ ಮೇಲೆ ಹತ್ತಿಸಿ ನನ್ ಹೆಸ್ರು ಇಟ್ಟಿದೀಯ."

ತೀರಿಕೊಂಡವರ ಜೊತೆ ವಾದಕ್ಕೆ ನಿಲ್ಲಲಾಗದೆ ಹರಿದೆ. (ಹೌದು, ಅಪ್ಪ ಫೆಬ್ರವರಿಯಲ್ಲಿ ತೀರಿಕೊಂಡ. ಈ ಸುದ್ದಿಯನ್ನು ಕೊನೆಗೆ ಬಚ್ಚಿಟ್ಟುಕೊಂಡು ನಿಮ್ಮನ್ನು ಅಳಿಸಬಹುದಿತ್ತು. ಅದು ನನ್ನಿಂದಾಗದು.)

೫.
ನಡೆದದ್ದು ಇಷ್ಟು. ಜೌಗು ದಾಟಿ ಕೊನೆಯ ಏರಿನ ಬುಡಕ್ಕೆ ಬಂದಾಗ ಅಪ್ಪ ಒಂದು ಕಲ್ಲಿನ ಮೇಲೆ ಕೂತ. ತುಟಿ ನೀಲಿಯಾಗಿತ್ತು. ಅಮ್ಮ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯತೊಡಗಿದಳು.

"ನೀವ್ ಹೋಗ್ಬನ್ನಿ. ನಾನ್ ಇಲ್ಲೇ ಇರ್ತೀನಿ. ಇವಳೊಬ್ಳನ್ನೇ ಬಿಟ್ರೆ ಚಾಕಲೇಟೆಲ್ಲ ಖಾಲಿ ಮಾಡ್ತಾಳೆ," ಎಂದ ಅಪ್ಪ.

"ಹೂಂ, ನಾನೇ ನೋಡಿ ತಿನ್ನೋಳು," ಎಂದಳು ಅಮ್ಮ. ಅವಳ ಇನ್ನೊಂದು ಕೈ ಅವನ ಬೆನ್ನ ಮೇಲಿತ್ತು.

ಇಪ್ಪತ್ತು ನಿಮಿಷದಲ್ಲಿ ನಾನೂ ಮಕ್ಕಳೂ ಮೇಲಿದ್ದೆವು. ಸುನ್ನಿವಾ ಡಬ್ಬಿ ತೆರೆದು ನಮ್ಮ ಮೂವರ ಹೆಸರು ಬರೆದಳು.

"ಅಜ್ಜಂದೂ ಬರೀಲಾ?"

"ಬೇಡ ಪುಟ್ಟಿ. ಅಜ್ಜ ಬಂದಿಲ್ವಲ್ಲ."

"ಅಲ್ಲೇ ಕಾಣ್ತಿದಾರಲ್ಲಮ್ಮ! ಕೆಂಪು ಟೋಪಿ!"

"ಕಾಣ್ಸಿದ್ರೆ ಸಾಲ್ದು."

ಅಪ್ಪನ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಸುಳ್ಳು ಬರೆದರೆ ಅವನಿಗೆ ಅವಮಾನ ಎಂದು ನಿಜಕ್ಕೂ ನಂಬಿದ್ದೆ.

ಕೆಳಗಿಳಿದು ಬಂದಾಗ ಅಪ್ಪ ಎದ್ದು ನಿಂತಿದ್ದ.

"ನನ್ ಹೆಸ್ರು ಬರ್ದ್ರಾ?"

ತಮಾಷೆಯ ದನಿಯಲ್ಲ.

"ಇಲ್ಲ ಅಪ್ಪಾ. ನೀನೇ ಹೇಳ್ತಿದ್ಯಲ್ಲ..."

"ಹೌದ್ಹೌದು. ಸರಿಯಾಗೇ ಮಾಡ್ದೆ," ಎಂದು ಕೋಲು ತೆಗೆದುಕೊಂಡ. ಕಾರಿನವರೆಗೂ ಮೊಮ್ಮಕ್ಕಳ ಕಡೆಗೂ ತಿರುಗದೆ ಇಳಿದ.

ಜೀವನವಿಡೀ ಕಾಪಾಡಿಕೊಂಡು ಬಂದ ನಿಯಮವನ್ನು ಒಂದೇ ಒಂದು ಸಲ, ತನಗಾಗಿ, ಯಾರಾದರೂ ಮುರಿಯಲಿ ಎಂದು ಅವನು ಆಸೆಪಟ್ಟಿದ್ದ. ನನಗದು ಹೊಳೆಯಲಿಲ್ಲ. ಇದಕ್ಕಾಗಿ ನಾನು ನನ್ನನ್ನು ಕ್ಷಮಿಸಿಕೊಂಡಿಲ್ಲ.

೬.
ಮುಕ್ತಾಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ.

ಒಂದು: ನಾನು "ಬರ್ದ್ವಿ ಅಪ್ಪಾ" ಎನ್ನುತ್ತೇನೆ. ಅಪ್ಪ ಕಾರಿನವರೆಗೂ ಮೊಮ್ಮಕ್ಕಳನ್ನು ರೇಗಿಸುತ್ತ ಇಳಿಯುತ್ತಾನೆ. (ಬರೀ ಸುಳ್ಳು. ಆದರೂ ಈ ಮುಕ್ತಾಯವೊಂದನ್ನೇ ಹನ್ನೊಂದು ಸಲ ಬರೆದಿದ್ದೇನೆ.)

ಎರಡು: ಈಗ ಹತ್ತಿ ಹೋಗಿ ಬರೆದುಬರುತ್ತೇನೆ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಈಗ ಬರ್ದು ಯಾರಿಗ್ ತೋರಿಸ್ತೀಯೇ?" ಎಂದಳು.

ಮೂರು: ಇದೂ ಒಂದು ಪುಸ್ತಕವೇ ತಾನೆ, ಇಲ್ಲಿ ಬರೆಯುತ್ತೇನೆ: ಹಾಲ್ವರ್. (ಜಾಣತನ. ಅಪ್ಪನಿಗೆ ಇಂಥದ್ದು ಆಗಿಬರುತ್ತಿರಲಿಲ್ಲ.)

೭.
ಇಷ್ಟು ಬರೆದದ್ದನ್ನು ಇವತ್ತು ತಿಂಡಿಯ ಹೊತ್ತಿಗೆ ಸುನ್ನಿವಾಗೆ ಓದಿ ಹೇಳಿದೆ. ಬ್ರೆಡ್ಡಿನ ಮೇಲಿನ ಚೀಸನ್ನು ಬೆರಳಿನಿಂದ ಒತ್ತುತ್ತ ಕೇಳಿಸಿಕೊಂಡಳು.

"ಅಮ್ಮಾ, ತಪ್ಪು ಬರ್ದಿದೀಯ."

"ಯಾವ್ದು?"

"ಬೆಟ್ಟದ್ ಮೇಲಿಂದು. ಆಸ್ಲಾಕ್‌ಗೆ ಉಚ್ಚೆ ಬಂತು ಅಂತ ನೀನ್ ಅವನ್ನ ಬಂಡೆ ಹಿಂದೆ ಕರ್ಕೊಂಡ್ ಹೋದ್ಯಲ್ಲ? ಪುಸ್ತಕ ನನ್ ಹತ್ರಾನೇ ಇತ್ತು. ಆವಾಗ ನಾನು..."

"ಹೇಳ್ಬೇಡ," ಎಂದೆ.

ಅವಳು ಅಜ್ಜನ ಹೆಸರು ಬರೆದಿದ್ದರೆ, ನಾನು ಅಪ್ಪನಿಗೆ ಹೇಳಿದ್ದೇ ಸುಳ್ಳು, ಅವನು ಅದನ್ನು ನಂಬಿಕೊಂಡೇ ಹೋದ. ಬರೆದಿಲ್ಲದಿದ್ದರೆ ಆ ಪುಟದಲ್ಲಿ ಅವನಿಲ್ಲ. ಯಾವುದನ್ನು ತಡೆದುಕೊಳ್ಳಬಲ್ಲೆನೋ ಗೊತ್ತಿಲ್ಲ.

ಈಗ ಜೂನ್. ಮೇಲೆ ಹಿಮ ಕರಗಿ ದಾರಿ ತೆರೆದಿದೆ. ಸುನ್ನಿವಾ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಒಂದು ನಿಮಿಷ ಇರು, ಈ ವಾಕ್ಯ ಮುಗಿಸಿ ಬರುತ್ತೇನೆ ಎಂದು ಅವಳಿಗೆ ಹೇಳಿ ಅರ್ಧ ಗಂಟೆಯಾಯಿತು.